ನೀರುಗಂಟಿ ಮನೆತನಕ್ಕೆ ಯಾವ ಶಾಲು?

ಮೈಸೂರು ಪೇಟ ತೊಡಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೈಗಿಟ್ಟರೆ ಒಂದು ಮನೆತನಕ್ಕೆ ಗೌರವ ಸಂದಿತು ಎಂದು ನಾವು ತಿಳಿದಿದ್ದೇವೆ. ತಾತ ಶಾಲೆಗೆ ಜಾಗ ಬಿಟ್ಟುಕೊಟ್ಟಿರುತ್ತಾರೆ, ಮಗ ಡೇರಿ ಅಧ್ಯಕ್ಷನಾಗಿರುತ್ತಾನೆ, ಮೊಮ್ಮಗ ಚುನಾವಣೆಗೆ ನಿಲ್ಲಲು ಹೊರಟಿರುತ್ತಾನೆ. ಮೂರು ತಲೆಮಾರಿನ ಸೇವೆ ಎಂದು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ. ತಪ್ಪೇನಿಲ್ಲ, ಕೊಟ್ಟವರನ್ನು ನೆನೆಯಲೇಬೇಕು. ಆದರೆ ನಮ್ಮ ಬಯಲುಸೀಮೆಯ ಊರುಗಳು ನಿಂತದ್ದು ಯಾರ ದುಡಿಮೆಯ ಮೇಲೆ ಎಂದು ಕೇಳಿದರೆ ಈ ಪಟ್ಟಿ ತೀರಾ ಚಿಕ್ಕದಾಗಿ ಕಾಣುತ್ತದೆ.

ಊರು ಕಟ್ಟಿದವರ ಹೆಸರು ನಮಗೆ ಗೊತ್ತು. ಚಿಕ್ಕಬಳ್ಳಾಪುರ ಎಂದರೆ ಆವತಿಯ ಗೌಡರ ಮನೆತನ. ಚಿಂತಾಮಣಿ ಎಂದರೆ ಮರಾಠಾ ಸರದಾರ ಚಿಂತಾಮಣಿರಾಯ. ಶಿಡ್ಲಘಟ್ಟವನ್ನು 1524ರ ಸುಮಾರಿಗೆ ಅಲಸೂರಮ್ಮ ಎಂಬ ವಿಧವೆ ಮತ್ತು ಆಕೆಯ ಮಗ ಶಿವನೇಗೌಡ ಕಟ್ಟಿದರೆಂದು ಪ್ರತೀತಿ. ಊರಿನ ಅಂಚಿನ ಅಮ್ಮನಕೆರೆ, ಗೌಡನಕೆರೆಗಳನ್ನು ಆ ತಾಯಿ ಮಗನ ಜೊತೆಗೆ ಸೇರಿಸಿಯೇ ಜನ ಹೇಳುತ್ತಾರೆ. ಕೋಟೆಗಿಂತ ಕೆರೆಯಲ್ಲಿ ಹೆಸರು ಉಳಿಸಿಕೊಂಡವರು ಜಾಣರು ಎಂದು ನನಗನ್ನಿಸುತ್ತದೆ.

ಕೆರೆಗೆ ಸಂಬಂಧಿಸಿದ ಗೌರವಕ್ಕೆ ಹಿಂದೆ ಬೇರೆಯೇ ಒಂದು ಕ್ರಮವಿತ್ತು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿ ಹಾಕಿದರೆ ಅದು ತಿಳಿಯುತ್ತದೆ. ಕೆರೆ ಕಟ್ಟಿದವನಿಗೆ, ಒಡೆದ ಕಟ್ಟೆಯನ್ನು ಸರಿಪಡಿಸಿದವನಿಗೆ ಅದೇ ಕೆರೆಯ ಕೆಳಗೆ ಗದ್ದೆ. ಗಂಗರ ಕಾಲದಲ್ಲಿ ಅದು ಬಿತ್ತುವಟ್ಟ, ಮುಂದೆ ಕಟ್ಟುಕೊಡಗೆ, ದಶವಂದ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅದು ನಡೆಯಬೇಕು. ಇದರ ಸೂಕ್ಷ್ಮ ಗಮನಿಸಿ: ಕೆರೆ ತುಂಬಿದರೆ ಕೊಡಗೆಯ ಗದ್ದೆಯೂ ಬೆಳೆಯುತ್ತದೆ, ಕೆರೆ ಹೂಳಿದರೆ ಅದೂ ಬೀಳು. ಪೂರ್ವಿಕರ ಹೆಸರು ಹೇಳಿಕೊಂಡು ಮೊಮ್ಮಗ ಸುಮ್ಮನೆ ಕೂರುವಂತಿರಲಿಲ್ಲ.

ಗೌರಿಬಿದನೂರು ತಾಲ್ಲೂಕಿನ 1388ರ ಶಾಸನವೊಂದರಲ್ಲಿ ಜಲಸೂತ್ರದ ಸಿಂಗಾಯಭಟ್ಟ ಬರುತ್ತಾನೆ. ಪೆನುಗೊಂಡೆಯಲ್ಲಿದ್ದ ರಾಜಕುಮಾರ ಪ್ರತಾಪ ಬುಕ್ಕರಾಯ ಹೆನ್ನೆಯ, ಅಂದರೆ ನಮ್ಮ ಉತ್ತರ ಪಿನಾಕಿನಿಯ, ನೀರನ್ನು ತರಬೇಕೆಂದು ಇವನಿಗೆ ಅಪ್ಪಣೆ ಕೊಟ್ಟ. ಇವನು ಸಿರುವರದ ಕೆರೆಗೆ ಕಾಲುವೆ ತಂದ. ಕಾಲುವೆಗೆ ಇಟ್ಟ ಹೆಸರು ಮಾತ್ರ ರಾಜಕುಮಾರನದು! ಈಗಿನ ಅಡಿಗಲ್ಲುಗಳನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೂ ಸಿಂಗಾಯಭಟ್ಟ ಪುಣ್ಯವಂತ, ಕಲ್ಲಿನಲ್ಲಿ ಅವನ ಹೆಸರೂ ಉಳಿಯಿತು.

ಉಳಿಯದ ಹೆಸರು ನೀರುಗಂಟಿಯದು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ಗೌಡ, ಶಾನುಭೋಗ, ತಳವಾರ, ತೋಟಿಯರ ಸಾಲಿನಲ್ಲಿ ನಿಂತವನು. ಈ ಭಾಗದಲ್ಲಿ ನೀರುಗಂಟಿಗಳು ಹೆಚ್ಚಾಗಿ ದಲಿತ ಮನೆಗಳವರು. ತುಂಬಿದ ಕೆರೆಯೊಳಗೆ ಈಜಿಕೊಂಡು ತೂಬಿನ ಕಲ್ಲುಗಂಬದ ತನಕ ಹೋಗಿ ಬೆಣೆ ಎತ್ತುವುದು, ಇಳಿಸುವುದು ಅವನ ಕೆಲಸ. ಯಾರ ಮಡಿಗೆ ಎಷ್ಟು ಹೊತ್ತು ನೀರು ಎಂಬುದೂ ಅವನ ಕೈಯಲ್ಲೇ. ಮಳೆಗಾಲದ ರಾತ್ರಿ ಏರಿ ಎಲ್ಲಾದರೂ ಜಿನುಗಿದರೆ ಮೊದಲು ಓಡಬೇಕಾದವನೂ ಅವನೇ.

ಅವನ ಬೆಲೆ ಗೊತ್ತಾಗುತ್ತಿದ್ದುದು ಅರ್ಧ ಕೆರೆಯ ವರ್ಷ. ಇದ್ದ ನೀರು ಇಡೀ ಅಚ್ಚುಕಟ್ಟಿಗೆ ಸಾಲದು. ಆಗ ದಾಮಾಷಾ. ತೂಬಿಗೆ ಹತ್ತಿರದ ಗದ್ದೆಗಳನ್ನಷ್ಟೇ ಆರಿಸಿ, ಅವನ್ನು ಎಲ್ಲ ಹಿಡುವಳಿದಾರರಿಗೂ ಅವರವರ ಪ್ರಮಾಣಕ್ಕೆ ತಕ್ಕಂತೆ ಆ ಒಂದು ಬೆಳೆಯ ಮಟ್ಟಿಗೆ ಹಂಚುತ್ತಿದ್ದರು. ಗದ್ದೆ ಯಾರದೆಂಬ ಮಾತು ಆ ವರ್ಷ ಬದಿಗೆ. ತೀರ್ಮಾನ ಊರಿನದು, ನಡೆಸಿಕೊಡುತ್ತಿದ್ದವನು ನೀರುಗಂಟಿ. ಸ್ವಂತಕ್ಕೆ ಹೆಚ್ಚು ಗದ್ದೆ ಇಲ್ಲದವನಾದ್ದರಿಂದ ಅವನ ಮಾತಿಗೆ ತೂಕವಿತ್ತೇನೋ. ಕೂಲಿಯಾಗಿ ಒಂದಿಷ್ಟು ಇನಾಂ ಭೂಮಿ, ಸುಗ್ಗಿಯಲ್ಲಿ ಕಣದಲ್ಲೇ ಅಳೆದು ಕೊಡುವ ಆಯ.

ಇದನ್ನೆಲ್ಲ ಹೊಗಳಿ ಹಳೆಯ ಕಾಲವೇ ಚೆಂದ ಎನ್ನಲು ನಾನು ಹೊರಟಿಲ್ಲ. ಊರಿಗೆಲ್ಲ ನೀರು ಹಾಯಿಸಿದವನು ಊರ ಬಾವಿ ಮುಟ್ಟುವಂತಿರಲಿಲ್ಲ. ಮಗನಿಗೆ ಬೇರೆ ಕಸುಬು ಬೇಕೆಂದರೆ ದಾರಿ ಇರಲಿಲ್ಲ. ಹುಟ್ಟಿನಿಂದ ಬರುವ ಹಳ್ಳಿ ಹುದ್ದೆಗಳನ್ನೆಲ್ಲ ರದ್ದು ಮಾಡಿದ 1961ರ ಕಾಯ್ದೆ ಬೇಕಾಗಿಯೇ ಇತ್ತು. ಅದು ಜಾರಿಗೆ ಬಂದದ್ದು 1963ರ ಫೆಬ್ರುವರಿಯಲ್ಲಿ. ಹುದ್ದೆ ಹೋಯಿತು, ಇನಾಂ ಭೂಮಿ ಮರುಮಂಜೂರಾತಿಗೆ ಬಂತು. ಆದರೆ ತೂಬು ಕಾಯುವ ಕೆಲಸವನ್ನು ಸಂಬಳದ ಮೇಲೆ ಯಾರಿಗೂ ವಹಿಸಿದಂತೆ ಕಾಣಲಿಲ್ಲ. ಕೆರೆ ಇಲಾಖೆಯದಾಯಿತು, ರೈತ ಕೊಳವೆಬಾವಿ ಕೊರೆಸಿದ. ನೀರುಗಂಟಿಯ ಮಗ ಬೆಂಗಳೂರಿನ ಬಸ್ಸು ಹತ್ತಿದ್ದರೆ ಅದಕ್ಕೆ ಬೇಸರ ಪಡಬೇಕಾಗಿಲ್ಲ. ಅವನೊಡನೆ ಹೋದದ್ದು ಆ ಕೆರೆಯ ತಿಳಿವಳಿಕೆ: ತೂಬಿನ ಎಷ್ಟನೇ ಮೆಟ್ಟಿಲವರೆಗೆ ನೀರಿದ್ದರೆ ಎಷ್ಟು ಎಕರೆ ಬತ್ತಕ್ಕೆ ಸಾಲುತ್ತದೆ ಎಂಬ ಲೆಕ್ಕ.

ಈಗ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಇನ್ನೂ ಹಲವು ಕೆರೆಗಳಿಗೂ ಬಂದಿದೆ. ಅಂತರ್ಜಲ ಹೆಚ್ಚಿಸಲಷ್ಟೇ ಆ ನೀರು, ನೇರವಾಗಿ ಗದ್ದೆಗೆ ಹಾಯಿಸುವಂತಿಲ್ಲ. ಕೆರೆ ತುಂಬಿದೆ, ತೂಬು ತೆಗೆಯುವಂತಿಲ್ಲ. ಬಾಗಿನ ಅರ್ಪಿಸಿದವರ ಫೋಟೊಗಳು ಮಾತ್ರ ಸಾಕಷ್ಟಿವೆ.

ಮನೆತನಗಳನ್ನು ಗೌರವಿಸುವ ಆಸೆ ನಿಜವಾಗಿಯೂ ಇದ್ದರೆ ಮೇಲೆ ಹೆಸರಿಸಿದ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಾಟ ತೀರಾ ಕಷ್ಟವಲ್ಲ. ಮರುಮಂಜೂರಾತಿಯ ಕಡತಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಇರಬೇಕಾದವು. ಯಾವ ಊರಿನಲ್ಲಿ ಯಾರಿಗೆ ನೀರುಗಂಟಿ ಇನಾಂ ಇತ್ತು, ಯಾವ ಸರ್ವೆ ನಂಬರು ಎಂಬುದು ಅಲ್ಲಿ ಸಿಗಬೇಕು. ಕೆರೆ ಏರಿಯ ಮೇಲೆ ಗುತ್ತಿಗೆದಾರನ ಹೆಸರು, ಅಂದಾಜು ಮೊತ್ತ ಬರೆಸುವ ಫಲಕದಲ್ಲೇ ಇನ್ನೊಂದು ಸಾಲಿಗೆ ಜಾಗವಿದೆ. ಆ ಮನೆಯವರೊಬ್ಬರಿಗೆ ಕೆರೆ ಬಳಕೆದಾರರ ಸಮಿತಿಯಲ್ಲಿ ಒಂದು ಸ್ಥಾನ ಕೊಡಲು ಗ್ರಾಮ ಪಂಚಾಯಿತಿಯೇ ಮುಂದಾಗಬಹುದು. ಶಾಲು ಬೇಕಾದರೆ ಆಮೇಲೆ ಹೊದೆಸಲಿ.