ನಗರದ ಅಂತಸ್ತುಗಳೂ ಮಲೆನಾಡಿನ ಲೆಕ್ಕವೂ

ದೂರದ ಸರಕನ್ನು ಹತ್ತಿರಕ್ಕೆ ತರುವ ಸಾರಿಗೆ, ಕಿರಿದಾದ ನೆಲದಲ್ಲಿ ಹೆಚ್ಚು ಜನರಿಗೆ ಸೂರು ಒದಗಿಸುವ ಕಟ್ಟಡ ವಿದ್ಯೆ, ಇವೆರಡೂ ಕೂಡಿದಲ್ಲಿ ಪೇಟೆಯು ಮಹಾನಗರವಾಗುತ್ತದೆ. ಇದಕ್ಕೆ ಬೆಂಗಳೂರೇ ಸಮೀಪದ ನಿದರ್ಶನ.

ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಕೆರೆಗಳನ್ನು ನಂಬಿ ಬಾಳಿತು. ಕೆರೆಯಲ್ಲಿ ನಿಲ್ಲುವ ನೀರು, ಸುತ್ತಲಿನ ಹೊಲದ ಬೆಳೆ, ಎತ್ತಿನ ಗಾಡಿ ಕ್ರಮಿಸಬಲ್ಲ ದೂರ, ಇವೇ ಅದರ ಎಲ್ಲೆಗಳಾಗಿದ್ದವು. 1864ರಲ್ಲಿ ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂದಿತು. 1896ರಲ್ಲಿ ಹೆಸರಘಟ್ಟದ ನೀರು, 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ನಗರವನ್ನು ತಲುಪಿದವು. ಹಳೆಯ ಎಲ್ಲೆಗಳು ಒಂದೊಂದಾಗಿ ಕಳಚಿದವು. 1974ರಿಂದ ಕಾವೇರಿಯ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ಒಯ್ಯಲಾಗುತ್ತಿದೆ. 1901ರಲ್ಲಿ ಎರಡು ಲಕ್ಷವೂ ಇಲ್ಲದಿದ್ದ ಜನಸಂಖ್ಯೆ 2011ರಲ್ಲಿ 84 ಲಕ್ಷವಾಯಿತು.

ಕಟ್ಟಡ ವಿದ್ಯೆಯೂ ಜೊತೆಗೂಡಿತು. ಗೋಡೆಯೇ ಭಾರ ಹೊರುವ ಮನೆಯನ್ನು ಎತ್ತರಿಸಿದಷ್ಟೂ ಗೋಡೆ ದಪ್ಪವಾಗಬೇಕು. ಉಕ್ಕಿನ ಸರಳು ಹುದುಗಿದ ಕಾಂಕ್ರೀಟು ಆ ಭಾರವನ್ನು ಕಂಬಗಳಿಗೆ ವರ್ಗಾಯಿಸಿತು. ಲಿಫ್ಟು ಮತ್ತು ಪಂಪು ಮೇಲಿನ ಅಂತಸ್ತುಗಳನ್ನು ವಾಸಯೋಗ್ಯಗೊಳಿಸಿದವು. 1970ರ ದಶಕದಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂತಸ್ತುಗಳ ಯುಟಿಲಿಟಿ ಕಟ್ಟಡವು ತಲೆಯೆತ್ತಿತು.

ಆದರೆ ಉಕ್ಕು, ವಿದ್ಯುತ್ತು, ನೀರು ನಗರದಲ್ಲಿ ಹುಟ್ಟುವುದಿಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ತಯಾರಿಸತೊಡಗಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಮಲೆನಾಡಿನ ಮರಗಳ ಇದ್ದಿಲು. ರಾಜ್ಯಕ್ಕೆ ಬೆಳಕು ಕೊಡಲೆಂದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳು, ಗದ್ದೆ ತೋಟಗಳು ಮುಳುಗಡೆಯಾದವು. ಅಲ್ಲಿಂದ ಎದ್ದುಬಂದ ಅನೇಕ ಕುಟುಂಬಗಳ ಭೂಮಿಯ ಹಕ್ಕು ಆರು ದಶಕ ಕಳೆದರೂ ಇತ್ಯರ್ಥವಾಗಿಲ್ಲ. ಅದೇ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಎದ್ದಿತು. ಆ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿ ಪ್ರತಿಭಟಿಸಿತು.

ಇಲ್ಲಿ ದೂಷಿಸಬೇಕಾದುದು ತಂತ್ರಜ್ಞಾನವನ್ನಲ್ಲ. ರೈಲು ರೈತನ ಬೆಳೆಗೆ ಮಾರುಕಟ್ಟೆ ಒದಗಿಸಿದೆ. ಮಲೆನಾಡಿನ ಮಕ್ಕಳಿಗೆ ನಗರ ವಿದ್ಯೆಯನ್ನೂ ಉದ್ಯೋಗವನ್ನೂ ಕೊಟ್ಟಿದೆ. ಆದರೆ ಕೊಳವೆ ಉದ್ದವಾದಷ್ಟೂ ನಗರದ ಎಲ್ಲೆ ನಗರವಾಸಿಯ ಕಣ್ಣಿಗೆ ಮರೆಯಾಗುತ್ತದೆ. ಎಲ್ಲೆ ಮಾತ್ರ ಅಳಿಯುವುದಿಲ್ಲ. ಅದು ಯಾವುದೋ ಕಣಿವೆಯ ಅಂಗಳಕ್ಕೆ ಸರಿಯುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಅದು ನಗರಕ್ಕೇ ಮರಳಿ ಬಂದು ನಿಂತಿತು.

ಪರಿಹಾರವೂ ತಂತ್ರಜ್ಞಾನದಲ್ಲಿಯೇ ಇದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು 2009ರಲ್ಲಿಯೇ ಕಡ್ಡಾಯಗೊಳಿಸಲಾಗಿದೆ. 2018ರಿಂದ ನಗರದ ಸಂಸ್ಕರಿತ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಶುದ್ಧತೆಯ ಬಗ್ಗೆ ಅಲ್ಲಿಯ ರೈತರು ಎತ್ತಿರುವ ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಚಾವಣಿಯ ಮಳೆಯೆಷ್ಟು, ಮರುಬಳಕೆಯೆಷ್ಟು, ಸೋರಿಕೆಯೆಷ್ಟು ಎಂಬ ಲೆಕ್ಕವನ್ನು ನಗರ ಮೊದಲು ಮುಂದಿಡಲಿ. ಆ ಲೆಕ್ಕ ಕಣಿವೆಯ ಗ್ರಾಮಸಭೆಗಳಲ್ಲಿ ಚರ್ಚೆಯಾಗುವ ತನಕ ಮಲೆನಾಡಿನ ಯಾವ ನದಿಯ ಕಡೆಗೂ ಹೊಸ ಕೊಳವೆ ಚಾಚಬಾರದು. ಹಳ್ಳಿಗರೂ ವಿದ್ಯಾರ್ಥಿಗಳೂ ಒಂದಾಗಿ ಕೇಳಬೇಕಾದ ಮೊದಲ ಬೇಡಿಕೆ ಇದು.