ಅವರೆಯ ಬಳ್ಳಿಗೊಂದು ಹಂದರ

ಹೋದ ವರ್ಷದ ಶ್ರಾವಣದಲ್ಲಿ ನಮ್ಮ ಹಿತ್ತಿಲಿನ ಅವರೆಯ ಹಂದರವು ಒಂದೇ ರಾತ್ರಿಯಲ್ಲಿ ನೆಲ ಕಂಡಿತು. ಅದನ್ನು ಹಂದರವೆಂದು ಕರೆಯುತ್ತಿದ್ದವನು ನಾನೊಬ್ಬನೇ. ಹಳೆಯ ಕಬ್ಬಿಣದ ಕೊಳವೆಗಳು ನಾಲ್ಕು, ಅವುಗಳ ನಡುವೆ ಗೋಡೆಯಂತೆ ಬಿಗಿದ ಪ್ಲಾಸ್ಟಿಕ್ ಹಗ್ಗದ ಬಲೆ. ಇಷ್ಟೇ ಅದರ ವೈಭವ. ಬಳ್ಳಿಗಳು ಮೊಳದುದ್ದ ಬೆಳೆದು ಒಂದರ ಮೇಲೊಂದು ಹೊರಳಾಡತೊಡಗಿದ ಮೇಲೆ, ಒಂದು ರವಿವಾರದ ಬಿಡುವಿನಲ್ಲಿ, ತಾಸೊಂದರೊಳಗೆ ಕಟ್ಟಿ ಮುಗಿಸಿದ್ದೆ. ಅದೂ ಪಡುವಣ ದಿಕ್ಕಿಗೆ ಎದೆಯೊಡ್ಡಿ ನಿಲ್ಲುವಂತೆ. ಬೆಳಗಾವಿಯ ಮಳೆಗಾಲದ ಗಾಳಿಯನ್ನು ಬಲ್ಲ ವಾಚಕರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ಬಿದ್ದ ಬಳ್ಳಿಗಳು ಎರಡು ವಾರ ಕೆಸರಿನಲ್ಲಿ ಮಲಗಿ, ಎಲೆ ಹಳದಿಯಾಗಿ, ಬುಡ ಕೊಳೆತು ಹೋದವು. ಪೇಟೆಯಿಂದ ತಂದ ಬೀಜವಾಗಿದ್ದರೆ ಹತ್ತಿಪ್ಪತ್ತು ರೂಪಾಯಿ ಹೋಯಿತೆಂದು ಸುಮ್ಮನಾಗಬಹುದಿತ್ತು. ಆದರೆ ಅದು ನನ್ನ ತಾಯಿಯವರು ಮದುವೆಯಾಗಿ ಬಂದ ವರ್ಷ ಖಾನಾಪುರದ ಕಡೆಯ ತಮ್ಮ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು; ಅಂದಿನಿಂದ ಪ್ರತಿವರ್ಷವೂ ಬೂದಿಯಲ್ಲಿ ಹೊರಳಿಸಿ ಡಬ್ಬಿಯಲ್ಲಿಟ್ಟು ಕಾಪಾಡಿಕೊಂಡು ಬಂದದ್ದು. ಕರಿಯ ಕಾಳು, ಅದರ ಅಂಚಿಗೆ ನರೆತ ಹುಬ್ಬಿನಂತೆ ಒಂದು ಬಿಳಿಯ ಗೆರೆ. ಆ ತವರುಮನೆ ಈಗ ಇಲ್ಲ. ಡಬ್ಬಿಯನ್ನು ಮಗುಚಿ ನೋಡಿದಾಗ ಉಳಿದಿದ್ದುದು ಹನ್ನೊಂದು ಕಾಳು.

ತಾಯಿಯವರು ಬಯ್ಯಲಿಲ್ಲ. “ಹಂದರಗಂಬ ನೆಟ್ಟಮ್ಯಾಲ ಮದಿವಿ ಮಾಡತಾರೋ, ಮದಿವಿ ಆದಮ್ಯಾಲ ಹಂದರಗಂಬ ನೆಡತಾರೋ, ತಮ್ಮಾ?” ಎಂದು ಮಾತ್ರ ಕೇಳಿದರು. ಬಯ್ದಿದ್ದರೆ ಒಳ್ಳೆಯದಿತ್ತು.

ತಪ್ಪು ಎಲ್ಲಿ ಆಯಿತೆಂದು ಹುಡುಕುತ್ತ ಹೋದಾಗ ನನಗೆ ನೆರವಾದವನು ಚಾರ್ಲ್ಸ್ ಡಾರ್ವಿನ್. ಕಾಯಿಲೆಯಿಂದ ಕೋಣೆಯಲ್ಲಿಯೇ ಉಳಿಯಬೇಕಾಗಿ ಬಂದಾಗ ಈ ಮಹಾಶಯನು ಕುಂಡದಲ್ಲಿದ್ದ ಬಳ್ಳಿಯೊಂದರ ಕುಡಿಯನ್ನು ಹಗಲಿರುಳು ನೋಡುತ್ತ ಕುಳಿತನಂತೆ. 1865ರಲ್ಲಿ ಅವನು ಪ್ರಕಟಿಸಿದ ದೀರ್ಘ ಪ್ರಬಂಧದ ಸಾರವನ್ನು ನಮ್ಮ ಹಿತ್ತಿಲಿಗೆ ಅನ್ವಯಿಸಿ ಹೇಳುವುದಾದರೆ ಹೀಗೆ: ಹೀರೆ, ಬಟಾಣಿಗಳಿಗೆ ಹಿಡಿದುಕೊಳ್ಳಲು ಎಳೆಬಳ್ಳಿಯ ಬೆರಳುಗಳಿವೆ, ಅವರೆಗೆ, ಬೀನ್ಸಿಗೆ, ಅಲಸಂದಿಗೆ ಅಂಥ ಬೆರಳುಗಳಿಲ್ಲ. ಅವು ಇಡಿಯ ಮೈಯಿಂದಲೇ ಆಸರೆಯನ್ನು ಸುತ್ತಬೇಕು. ಅದಕ್ಕಾಗಿ ಕುಡಿಯು ಗಾಳಿಯಲ್ಲಿ ವೃತ್ತಾಕಾರವಾಗಿ ತಿರುಗುತ್ತ ಹುಡುಕುತ್ತಿರುತ್ತದೆ. ಬೀನ್ಸಿನ ಕುಡಿಗೆ ಒಂದು ಸುತ್ತು ಬರಲು ಸುಮಾರು ಎರಡು ತಾಸು ಸಾಕು. ಏನೂ ಸಿಕ್ಕದಿದ್ದರೆ ತನ್ನ ಭಾರಕ್ಕೆ ತಾನೇ ಬಾಗಿ, ಪಕ್ಕದ ಬಳ್ಳಿಯನ್ನೇ ಅಪ್ಪಿಕೊಂಡು ಗಂಟಾಗುತ್ತದೆ. ಆಮೇಲೆ ಬಿಡಿಸಹೋದರೆ ಕುಡಿ ಮುರಿಯುತ್ತದೆ.

ಇನ್ನೊಂದು ಸೋಜಿಗ. ಮೇಲಿನಿಂದ ನೋಡಿದರೆ ಈ ಬಳ್ಳಿಗಳು ಸುತ್ತುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಅಂದರೆ ಅಪ್ರದಕ್ಷಿಣವಾಗಿ. ನಾನು ಭಕ್ತಿಯಿಂದ ಪ್ರದಕ್ಷಿಣವಾಗಿ ಸುತ್ತಿ ಕಟ್ಟಿದ ಕುಡಿಗಳೆಲ್ಲ ಮರುದಿನ ಬಿಚ್ಚಿಕೊಂಡು ನಿಂತಿದ್ದುದರ ಗುಟ್ಟು ಇದು. ಈ ಸಂಗತಿಯನ್ನು ತಾಯಿಯವರಿಗೆ ಇನ್ನೂ ತಿಳಿಸಿಲ್ಲ.

ನುಣುಪಾದ ಕೊಳವೆಯ ಮೇಲೆ ಬಳ್ಳಿ ಜಾರುತ್ತದೆ. ತೀರ ದಪ್ಪನೆಯ ಕಂಬವನ್ನು ಸುತ್ತಲಾರದು. ಹೆಬ್ಬೆರಳಿನ ಗಾತ್ರದ, ಗಿಣ್ಣುಗಳಿರುವ, ಮೈ ಒರಟಾದ ಬಿದಿರಿನ ಗಳವೇ ಅದಕ್ಕೆ ತಕ್ಕದ್ದು. ಆದುದರಿಂದ ಬಿದಿರು ಹುಡುಕಿಕೊಂಡು ಹೊರಟೆ. ರಟ್ಟರ ಶಾಸನಗಳಲ್ಲಿ ನಮ್ಮೂರಿನ ಹೆಸರು ವೇಣುಗ್ರಾಮ. ವೇಣುವೆಂದರೆ ಬಿದಿರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಇಂದಿಗೂ ಕೋಟೆಯೊಳಗಿದೆ. ಇವೆಲ್ಲವನ್ನೂ ತರಗತಿಯಲ್ಲಿ ವರ್ಷವರ್ಷವೂ ಗಂಭೀರವಾಗಿ ಹೇಳುವ ನಾನು, ಅದೇ ವೇಣುಗ್ರಾಮದಲ್ಲಿ ಒಂದು ಹೊರೆ ಸಣ್ಣ ಗಳಕ್ಕಾಗಿ ಮೂರು ಸಂಜೆ ಅಲೆದೆ. ಸಿಕ್ಕಿದ್ದು ಮನೆ ಕಟ್ಟುವವರು ಕೊಳ್ಳುವ ತೊಡೆಗಾತ್ರದ ಬೊಂಬು. ಕೊನೆಗೆ ಮಾಘಮಾಸದಲ್ಲಿ, ಲೋಂಡಾ ಮಾರ್ಗದ ರೈಲು ಹಿಡಿದು ಖಾನಾಪುರಕ್ಕೇ ಹೋದೆ.

ಖಾನಾಪುರವು ಬೆಳಗಾವಿಯಿಂದ ಬಹಳ ದೂರವೇನಲ್ಲ. ಆದರೆ ಮಳೆಯೇ ಬೇರೆ, ಮಣ್ಣೇ ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲೂಕಿನಲ್ಲಿದೆ. ಅಲ್ಲಿ ಬುಟ್ಟಿ ಹೆಣೆಯುವ ಮೇದಾರ ಮುದುಕರೊಬ್ಬರನ್ನು ಕಂಡೆ. ರೈತರೊಬ್ಬರ ಹೊಲದ ಬದುವಿನಲ್ಲಿ ಬೆಳೆದ ಬಿದಿರನ್ನು ಕಡಿದು ತಂದು ಹಾಕಿದ್ದರು. (1927ರ ಭಾರತೀಯ ಅರಣ್ಯ ಕಾಯಿದೆಯು ಬಿದಿರನ್ನು ಮರಗಳ ಪಂಕ್ತಿಯಲ್ಲಿ ಕೂಡಿಸಿತ್ತು, ಅರಣ್ಯದ ಹೊರಗೆ ಬೆಳೆದ ಬಿದಿರಿಗೆ ಆ ಕಟ್ಟು ಇರಬಾರದೆಂದು 2017ರ ತಿದ್ದುಪಡಿಯಲ್ಲಿ ಅದನ್ನು ಕೆಳಗಿಳಿಸಿದರು. ಬಿದಿರು ಹುಲ್ಲಿನ ಜಾತಿಯೆಂದು ಸಸ್ಯಶಾಸ್ತ್ರಜ್ಞರು ಅದಕ್ಕೂ ಎಷ್ಟೋ ಮೊದಲೇ ಹೇಳಿದ್ದರು.)

“ಮಾಸ್ತರ್ರ, ಎಳೀದು ತಗೋಬ್ಯಾಡ್ರಿ, ಹುಳಾ ತಿಂತದ” ಎಂದರು ಮುದುಕರು. ಮೂರು ವರ್ಷ ತುಂಬಿದ ಗಳವನ್ನೇ ಆರಿಸಬೇಕು. ಮಳೆ ನಿಂತು ನೆಲ ಒಣಗಿದ ಕಾಲದಲ್ಲಿಯೇ ಕಡಿಯಬೇಕು. ಕಡಿದುದನ್ನು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಬೇಕು. ಕಾರಣವಿಷ್ಟೇ: ಬಿದಿರನ್ನು ಕೊರೆದು ಹಿಟ್ಟುಮಾಡುವ ಹುಳುವಿಗೆ ಬೇಕಾದುದು ಅದರೊಳಗಿನ ಪಿಷ್ಟ; ನೀರಿನಲ್ಲಿ ಅದು ಇಳಿದುಹೋಗುತ್ತದೆ. ನೆಲದೊಳಗೆ ಇಳಿಯುವ ಒಂದು ಮೊಳವನ್ನು ಬೆಂಕಿಗೆ ಹಿಡಿದು ಕಪ್ಪಾಗಿಸಿ ಡಾಂಬರು ಬಳಿಯಬೇಕು. ಇಷ್ಟು ಮಾಡಿದರೂ ನಾಲ್ಕೈದು ವರ್ಷ ಬಾಳಿದರೆ ಪುಣ್ಯ. ಮಾಡದಿದ್ದರೆ ಎರಡನೆಯ ಮಳೆಗಾಲಕ್ಕೆ ಬುಡ ಕಳಚುತ್ತದೆ. ರೈಲಿನಲ್ಲಿ ಗಳಗಳಿಗೆ ಜಾಗವಿಲ್ಲವಾದ್ದರಿಂದ ಟೆಂಪೋದವನ ಪಕ್ಕದಲ್ಲಿ ಕುಳಿತು ಬೆಳಗಾವಿಗೆ ಮರಳಿದೆ. ಬಾಡಿಗೆ ಗಳಗಳ ಬೆಲೆಗಿಂತ ಹೆಚ್ಚಾಯಿತೆಂಬುದನ್ನು ನನ್ನ ಮಡದಿ ಈಗಲೂ ನೆನಪಿಸುವುದುಂಟು.

ಈ ಸಲ ಜ್ಯೇಷ್ಠದಲ್ಲಿ, ಒಂದು ಕಾಳನ್ನೂ ಮಣ್ಣಿಗೆ ಹಾಕುವ ಮೊದಲು, ಹಂದರ ಎದ್ದಿತು. ಮಣಿಕಟ್ಟಿನ ದಪ್ಪದ ಕಂಬಗಳು ಮೂಲೆಗೆ ನಾಲ್ಕು, ಪ್ರತಿ ಕಂಬಕ್ಕೂ ಓರೆಯಾಗಿ ಒಂದು ಊರುಗೋಲು, ಮೇಲೆ ಅಡ್ಡಕ್ಕೂ ಉದ್ದಕ್ಕೂ ಸಣ್ಣ ಗಳಗಳು. ಹೋದ ವರ್ಷದ್ದು ಗಾಳಿಗೆ ಎದುರಾದ ಗೋಡೆ. ಇದು ಮಲಗಿದ ಚಾವಣಿ, ಗಾಳಿ ಮೇಲೂ ಕೆಳಗೂ ಹಾದುಹೋಗುತ್ತದೆ. ಎತ್ತರವನ್ನು ಅಳೆದದ್ದು ತಾಯಿಯವರ ಎತ್ತಿದ ಕೈಯಿಂದ. ಕಾಯಿ ಹರಿಯಲು ಏಣಿ ಬೇಕಾದರೆ ಅದು ಹಂದರವಲ್ಲ, ಅಟ್ಟ ಎಂಬುದು ಅವರ ಮತ. ಕಟ್ಟಿಗೆ ತೆಂಗಿನ ನಾರಿನ ಹುರಿ. ಸುತಳಿ ನಮ್ಮ ಮಳೆಗೆ ಬಾಳದು, ನೈಲಾನ್ ಎಳೆಯ ಕಾಂಡವನ್ನು ಕೊಯ್ಯುತ್ತದೆ. ನೆಲದಿಂದ ಚಾವಣಿಗೆ ಹತ್ತಲು ಪ್ರತಿ ಬುಡಕ್ಕೂ ಹೆಬ್ಬೆರಳ ಗಾತ್ರದ ಒಂದೊಂದು ಗಳ.

ಅಲಸಂದಿಗೂ ಬಳ್ಳಿ ಬೀನ್ಸಿಗೂ ಇಷ್ಟೊಂದು ಸಡಗರ ಬೇಕಿಲ್ಲ. ಮೂರು ಗಳಗಳ ತುದಿಯನ್ನು ಸೇರಿಸಿ ಕಟ್ಟಿ ಗೋಪುರದಂತೆ ನಿಲ್ಲಿಸಿದರೆ ಸಾಕು. ಯಾವ ಆಸರೆಯೂ ಬೇಡವೆನ್ನುವವರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆಯ ತಳಿಗಳಿವೆ; ಗಿಡ್ಡಗೆ ಪೊದೆಯಾಗಿ ನಿಂತು, ಕಾಲ ನೋಡದೆ ಕಾಯಿ ಬಿಡುತ್ತವೆ. ಅನುಕೂಲವೇ ಸರಿ. ಆದರೆ ನಮ್ಮ ಡಬ್ಬಿಯಲ್ಲಿದ್ದುದು ಚಪ್ಪರದವರೆ, ಹೆಸರಿನಲ್ಲಿಯೇ ಚಪ್ಪರವನ್ನು ಹೊತ್ತು ಬಂದದ್ದು.

ಹನ್ನೊಂದರಲ್ಲಿ ಏಳನ್ನು ಬಿತ್ತಿದೆವು. ನಾಲ್ಕನ್ನು ತಾಯಿಯವರು ಡಬ್ಬಿಗೆ ಮರಳಿಸಿದರು. ನನ್ನ ಹಂದರದ ಮೇಲೆ ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲವೆಂದು ತೋರುತ್ತದೆ. ಐದು ಮೊಳೆತವು. ಆಷಾಢದ ಗಾಳಿಗೆ ಹಂದರ ಕಿರುಗುಟ್ಟಿತು, ಬೀಳಲಿಲ್ಲ. ಭಾದ್ರಪದದ ಹೊತ್ತಿಗೆ ಮೇಲೆಲ್ಲ ಹಸುರು; ಹೂವಿನ ಸುಳಿವಿಲ್ಲ. ಹಗಲು ಕಿರಿದಾಗದೆ ಈ ಹಳೆಯ ಅವರೆ ಹೂ ಬಿಡದೆಂಬುದನ್ನು ಬಲ್ಲೆನಾದರೂ ದಿನಕ್ಕೆರಡು ಸಲ ಹೋಗಿ ನೋಡುತ್ತಿದ್ದೆ. ದೀಪಾವಳಿ ಕಳೆದ ಮೇಲೆ ನೇರಳೆ ಗೊಂಚಲುಗಳು ಎದ್ದವು.

ಈಗ ಮಾರ್ಗಶಿರ. ಹಂದರದ ಕೆಳಗೆ ನಿಂತರೆ ಅವರೆಯ ಸೊಗಡು ತಲೆಗೂದಲಿಗೂ ಹತ್ತುತ್ತದೆ. ಮೊದಲು ಬಲಿತ ಗೊಂಚಲುಗಳಿಗೆ ತಾಯಿಯವರು ಕೆಂಪು ದಾರ ಕಟ್ಟಿದ್ದಾರೆ, ಅವು ಬೀಜಕ್ಕೆ. ನಿನ್ನೆ ಪಲ್ಯಕ್ಕೆಂದು ನಾನು ಬುಟ್ಟಿ ಹಿಡಿದು ಹೊರಟಾಗ ಅಡಿಗೆಮನೆಯಿಂದಲೇ ಕೂಗಿ ಹೇಳಿದರು: “ದಾರದ ಕಾಯಿಗೆ ಕೈ ಹಚ್ಚಬ್ಯಾಡ, ತಮ್ಮಾ. ಬಲಕ್ಕಿನವರಿಗೂ ಒಂದ್ ಹಿಡಿ ಬೀಜಾ ಕೊಡ್ತೀನಿ ಅಂದೀನಿ. ಅವರಿಗೆ ಹಂದರಾ ನೀನ ಹಾಕಿ ಕೊಡಬೇಕು ನೋಡು.”