ಎಮ್ಮೆಯ ಕಣ್ಣಿ

ಪಕ್ಕದ ಮನೆಯ ಏಳನೇ ತರಗತಿ ಹುಡುಗ ಮೊನ್ನೆ ನಮ್ಮ ಕಟ್ಟೆಗೆ ಬಂದು ಪಾಠ ಒಪ್ಪಿಸಿದ. ಪ್ರವಾಹಕ್ಕೆ ಕಾರಣ ಐದು. ಐದನ್ನೂ ತಪ್ಪಿಲ್ಲದೆ ಹೇಳಿದ. ‘ಹೊಳಿ ಬಂದಾಗ ನಿಮ್ಮ ಮನಿಯಾಗ ಏನಾತು?’ ಎಂದರೆ ಪಿಳಿಪಿಳಿ ಕಣ್ಣು ಬಿಟ್ಟ. ಅವನದೇನು ತಪ್ಪು? 2009ರಲ್ಲಿ ಹೊಳೆ ಊರಿಗೆ ನುಗ್ಗಿದಾಗ ಅವನು ಹುಟ್ಟಿರಲೇ ಇಲ್ಲ. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನಾನೂ ಕಾರಣಗಳನ್ನೇ ಬಾಯಿಪಾಠ ಮಾಡಿಸಿದವನು.

ತುಂಗಭದ್ರೆ ನಮ್ಮ ದೇಶನೂರಿಗೆ ಅನ್ನ ಕೊಟ್ಟ ಹೊಳೆ. ವಿಜಯನಗರ ಕಾಲದ ಕಾಲುವೆಗೆ ನಮ್ಮೂರಿನದೇ ಹೆಸರು. 2009ರಲ್ಲಿ ಬನ್ನಿ ಹಂಚಿ ‘ಬಂಗಾರದಂಗ ಇರೋಣ’ ಅಂದು ಮೂರು ದಿನ ಆಗಿರಲಿಲ್ಲ, ಮಳೆ ಹಿಡಿಯಿತು. ಅಕ್ಟೋಬರ್ 2ರ ಹೊತ್ತಿಗೆ ಕೆಳಗೆ ಮಂತ್ರಾಲಯ, ಕರ್ನೂಲು ಕೂಡ ನೀರಲ್ಲಿ ನಿಂತಿದ್ದವು.

ನಿನ್ನ ಅಜ್ಜಿಯನ್ನು ಕೇಳಿ ಬಾ ಎಂದು ಹುಡುಗನನ್ನು ಕಳಿಸಿದೆ. ‘ಎಷ್ಟು ನಷ್ಟ ಆತು’ ಎಂದು ಕೇಳಿ ಬೈಸಿಕೊಂಡು ಬಂದ. ಅದು ತಲಾಠಿ ಕೇಳುವ ಪ್ರಶ್ನೆ. ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ; ಗುತ್ತಿಗೆಗೆ ಗದ್ದೆ ಮಾಡಿದ ಆಕೆಯ ನಷ್ಟ ಯಾವ ಕಾಗದದಲ್ಲೂ ಇಲ್ಲ. ‘ಮೊದಲು ಏನು ಮಾಡಿದಿ ಅಂತ ಕೇಳು’ ಎಂದೆ. ಈ ಸಲ ಅರ್ಧ ನೋಟ್‌ಬುಕ್ ತುಂಬಿಸಿಕೊಂಡು ಬಂದ. ‘ಎಮ್ಮಿ ಕಣ್ಣಿ ಬಿಚ್ಚಿದೆ. ಉಳದ್ರ ಉಳೀಲಿ, ಕಟ್ಟಿದಲ್ಲೇ ಸಾಯಬಾರದು.’

ಓದುತ್ತಿದ್ದಂತೆ ನನಗೆ 2024ರ ಆಗಸ್ಟ್ 10ರ ರಾತ್ರಿ ನೆನಪಾಯಿತು. ಹೊಸಪೇಟೆಯ ತುಂಗಭದ್ರಾ ಡ್ಯಾಮಿನಲ್ಲಿ 19ನೇ ಗೇಟಿನ ಚೈನು ಕಡಿದಿತ್ತು. ಸುದ್ದಿ ತಿಳಿದವರೆಲ್ಲ ಮೊಬೈಲ್ ಹಿಡಿದು ನಿಂತಿದ್ದರೆ ಈ ಮುದುಕಿ ಕೊಟ್ಟಿಗೆಗೆ ಹೋಗಿದ್ದಳು. ಅಂಜಿಬಿಟ್ಟಾಳೆ ಎಂದು ನಕ್ಕಿದ್ದೆ. ನಮ್ಮ ಪುಣ್ಯ, ಊರಿಗೆ ನೀರು ಬರಲಿಲ್ಲ.

ಶಾಲೆಗಳು ಮಾಡಬೇಕಾದ್ದು ಇಷ್ಟು: ನೆರೆಯ ಪಾಠ ಬಂದಾಗ ಮಕ್ಕಳನ್ನು ಮನೆಮನೆಗೆ ಕಳಿಸಬೇಕು. ಬಾಯಿ ಬಿಡಲು ಮನಸ್ಸಿಲ್ಲದವರನ್ನು ಕೆದಕುವುದು ಬೇಡ. ಅಂಕವಂತೂ ಬೇಡವೇ ಬೇಡ, ಅಂಕ ಇಟ್ಟರೆ ಕಣ್ಣೀರಿಗೂ ಗೈಡ್ ಬರುತ್ತದೆ. ಕೇಳದೆ ಬಿಟ್ಟರೆ ಏನಾಗುತ್ತದೆ ನೋಡಿ: 1876-78ರ ಧಾತು–ಈಶ್ವರ ಸಂವತ್ಸರಗಳ ಬರ ಬಳ್ಳಾರಿ ಸೀಮೆಯನ್ನು ನುಂಗಿತು. ಮದ್ರಾಸ್ ಸರಕಾರದ ಕಡತದಲ್ಲಿ ಸತ್ತವರ ಲೆಕ್ಕ ಸಿಗುತ್ತದೆ. ನನ್ನ ಮನೆಯ ಹಿರಿಯರು ಏನು ತಿಂದು ಬದುಕಿದರೋ, ಹೇಳುವವರು ಯಾರೂ ಉಳಿದಿಲ್ಲ.

ನಿನ್ನೆ ಹುಡುಗ ಮತ್ತೆ ಬಂದ. ‘ಸರ್, ಬಿಟ್ಟ ಎಮ್ಮಿ ವಾಪಸ್ ಬಂತಾ?’

ಇಷ್ಟು ವರ್ಷ ಪಕ್ಕದಲ್ಲೇ ಇದ್ದೇನೆ. ಕೇಳಿರಲಿಲ್ಲ.

‘ನಡಿ, ನಾನೂ ಬರ್ತೀನಿ.’